ರಿಕವರಿ ಕೀ ಯಾರ ಖಾತೆಯಲ್ಲಿದೆ?

ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕೆಲಸ. ಈಗ ಯಾವ ಮಷಿನ್ ಬಂದರೂ ಸ್ಕ್ರೂ ಬಿಚ್ಚುವ ಮೊದಲೇ ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ, ಅದರ ರಿಕವರಿ ಕೀ ಕೇಳುತ್ತೇನೆ. ಹೆಚ್ಚಿನವರು ಸುಮ್ನೆ ಮುಖ ನೋಡುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ. ವಿಂಡೋಸ್ 11ರ ಹೊಸ ಮಷಿನ್‌ಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಸಲ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗಿಬಿಡುತ್ತದೆ, ಅಂದರೆ ಕೀ ಇಲ್ಲದೆ ಓದಲು ಬಾರದ ಹಾಗೆ ಬೀಗ ಬೀಳುತ್ತದೆ. ಕೀ ಆ ಖಾತೆಯಲ್ಲಿ ಸೇವ್ ಆಗುತ್ತದೆ. ಮಾಲೀಕರಿಗೆ ಸುದ್ದಿಯೇ ಇರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲರೊಬ್ಬರ ಲ್ಯಾಪ್‌ಟಾಪ್‌ಗೆ ಮದರ್‌ಬೋರ್ಡ್ ಬದಲಿಸಿದೆವು. ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ಕೀ ಕೊಡು ಅನ್ನುತ್ತಿದೆ. ಡಿಸ್ಕ್ ತೆರೆಯುತ್ತಿದ್ದ ಟಿಪಿಎಂ ಚಿಪ್ ಹಳೇ ಬೋರ್ಡಿನ ಜೊತೆ ಹೋಗಿತ್ತಲ್ಲ. "ಅಲ್ರೀ ಸರ, ನಾ ಏನೂ ಲಾಕ್ ಹಾಕಿಲ್ಲಲ್ರೀ!" ಅಂದರು. ಸೀಸನ್ನಿನ ಟ್ಯಾಲಿ ಲೆಕ್ಕ ಪೂರ್ತಿ ಅದರೊಳಗೇ ಇತ್ತು.

ಅವರ ಖಾತೆ ತೆಗೆದರೆ ಕೀ ಇಲ್ಲ. ವಿಚಾರಿಸಿದಾಗ ತಿಳಿಯಿತು, ಮಷಿನ್ ಕೊಂಡ ದಿನ ಅಳಿಯ ತನ್ನ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದ. ಬೆಂಗಳೂರಿಗೆ ಫೋನ್ ಹಚ್ಚಿದೆವು. ಅವನ ಖಾತೆಯಲ್ಲಿ ಬೇರೆ ಮಷಿನ್‌ಗಳ ಕೀಗಳೂ ಇದ್ದವು. ಪರದೆ ಮೇಲಿನ ಕೀ ಐಡಿಯ ಮೊದಲ 8 ಅಕ್ಷರ ಓದಿ ಹೇಳಿದ ಮೇಲೆ ಸರಿಯಾದದ್ದು ಸಿಕ್ಕಿತು. ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಭಾಗವಾಗಬೇಕು, ಹಾಗಾಗಿ ಒಂದು ಅಂಕಿ ತಪ್ಪಿದರೂ ಆ ಗುಂಪಿನಲ್ಲೇ ಸಿಕ್ಕಿಬೀಳುತ್ತದೆ.

ಕೀ ಕಳೆದುಹೋಗುವುದು ಕಡಿಮೆ. ಜಾಸ್ತಿ ಆಗುವುದು ಇದೇ, ಬೇರೆಯವರ ಖಾತೆಯಲ್ಲಿ ಕೂತಿರುತ್ತದೆ. ಆಫೀಸುಗಳಲ್ಲಿ ಇನ್ನೂ ಫಜೀತಿ. ಕೆಲಸ ಬಿಟ್ಟ ಹುಡುಗ ಸ್ವಂತ ಜಿಮೇಲ್ ಹಾಕಿ ತೆರೆದ ಮೈಕ್ರೋಸಾಫ್ಟ್ ಖಾತೆಯಲ್ಲಿ ಆಡಿಟರ್ ಆಫೀಸಿನ ಕೀ! ಅವನು ಫೋನ್ ಎತ್ತದಿದ್ದರೆ? ಕೀ ಎಲ್ಲೂ ಸಿಗದಿದ್ದರೆ ಹೊಸದಾಗಿ ಮಾಡಿಕೊಡಲು ಮೈಕ್ರೋಸಾಫ್ಟ್‌ನವರಿಗೂ ಆಗುವುದಿಲ್ಲ.

ಅದಕ್ಕೆ ನಮ್ಮ ಗಿರಾಕಿ ಆಫೀಸುಗಳ ರಿಜಿಸ್ಟರ್‌ನಲ್ಲಿ ಮಷಿನ್ ಹೆಸರು, ಕೀ ಐಡಿ, ಕೀ ಯಾವ ಇಮೇಲ್‌ನ ಖಾತೆಯಲ್ಲಿದೆ ಅನ್ನುವುದನ್ನು ಬರೆಸುತ್ತೇನೆ. ಕೀಯನ್ನಲ್ಲ. ಅದರ ಪ್ರಿಂಟ್ ತಿಜೋರಿಗೆ ಹೋಗಬೇಕು. ಕೆಲವರು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡುತ್ತಾರೆ. ಬ್ಯಾಗ್ ಕದ್ದವನಿಗೆ ಬೀಗದ ಜೊತೆ ಕೀಲಿಯೂ ಸಿಕ್ಕಂತಾಯಿತು, ಅಲ್ವಾ? ಫೋನಿನಲ್ಲಿ ಓದಿ ಹೇಳಿದ ಕೀ ಇದ್ದರೆ ಕೆಲಸ ಮುಗಿದ ಮೇಲೆ ಅದನ್ನು ತೆಗೆದು ಹೊಸದು ಮಾಡಿಕೊಡುತ್ತೇವೆ. ಬಯೋಸ್ (ಮಷಿನ್ ಶುರುವಾಗುವಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದಾಗ ಮೊದಲು ಬಿಟ್‌ಲಾಕರ್ ಸಸ್ಪೆಂಡ್, ಅಂದರೆ ಸ್ವಲ್ಪ ಹೊತ್ತು ತಡೆಹಿಡಿಯುವುದು, ಮಾಡುತ್ತೇವೆ, ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಮಾಡುವ ಅಗತ್ಯವಿಲ್ಲ.