ಲಂಡನ್‌ನ ಜಾರ್ಜ್ ಇನ್: ರೈಲು ಉಳಿಸಿದ ಒಂದು ಪಾಲು

ಲಂಡನ್‌ನ ಬರೋ ಮಾರ್ಕೆಟ್ ಎಂಬ ಆಹಾರದ ಮಾರುಕಟ್ಟೆಗೆ ಹೋಗುವವರು ಒಂದರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಕೆಲವೇ ನಿಮಿಷ ನಡೆದರೆ ಸದರ್ಕ್‌ನ ಜಾರ್ಜ್ ಇನ್ ಸಿಗುತ್ತದೆ. ಕುದುರೆಗಾಡಿ ಕಾಲದ, ಮರದ ಬಾಲ್ಕನಿಗಳಿರುವ ತಂಗುದಾಣ. ಲಂಡನ್‌ನಲ್ಲಿ ಇಂಥದ್ದು ಉಳಿದಿರುವುದು ಇದೊಂದೇ.

ಲಂಡನ್ ಬ್ರಿಡ್ಜ್ ಸ್ಟೇಷನ್‌ನಲ್ಲಿ ಇಳಿದು ಬರೋ ಹೈ ಸ್ಟ್ರೀಟ್ ಹಿಡಿಯಿರಿ. 77ನೇ ನಂಬರ್. ಕಟ್ಟಡ ಬೀದಿಗೆ ಕಾಣುವುದಿಲ್ಲ, ಗೇಟಿನೊಳಗೆ ಅಂಗಳಕ್ಕೆ ಹೋಗಬೇಕು. ಟಿಕೆಟ್ ಇಲ್ಲ. ಈಗ ಅದು ಪಬ್. ಸಂಜೆ ಹೋದರೆ ಆಫೀಸು ಬಿಟ್ಟವರ ಗದ್ದಲದಲ್ಲಿ ಏನೂ ನೋಡಲಾಗದು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ಒಳಗೆ ಹೋಗುವ ಮೊದಲು ಅಂಗಳದಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಬಾಲ್ಕನಿಗಳು ಕಣ್ಣಿಗೆ ಕಾಣುವಷ್ಟು ಬಾಗಿವೆ. ಅವು ಬರೀ ಅಲಂಕಾರವಲ್ಲ, ಕೋಣೆಗಳಿಗೆ ಹೋಗುವ ದಾರಿಯೇ ಅದು. ನಮ್ಮ ಹಳೇ ವಠಾರಗಳ ಹಾಗೆ, ಎಲ್ಲ ಬಾಗಿಲೂ ಅಂಗಳದ ಕಡೆಗೆ. ಕೆಳಗೆ ಗಾಡಿ, ಕುದುರೆ, ಸಾಮಾನು.

1676ರ ಬೆಂಕಿಯಲ್ಲಿ ಹಳೇ ಕಟ್ಟಡ ಸುಟ್ಟುಹೋಗಿ, 1677ರಲ್ಲಿ ಇದನ್ನು ಕಟ್ಟಿದರು. ಶೇಕ್ಸ್‌ಪಿಯರ್ ಇಲ್ಲಿ ಕುಡಿಯುತ್ತಿದ್ದ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಅವನು ತೀರಿಕೊಂಡಿದ್ದು 1616ರಲ್ಲಿ!

ಆಗ ಈ ಬೀದಿಯಲ್ಲಿ ಇಂಥ ತಂಗುದಾಣಗಳು ಬಹಳ ಇದ್ದವು. ಇಲ್ಲೇ ಯಾಕೆ? ದಕ್ಷಿಣದಿಂದ ಬರುವವರು ಲಂಡನ್ ಬ್ರಿಡ್ಜ್ ದಾಟಿಯೇ ನಗರಕ್ಕೆ ಹೋಗಬೇಕಿತ್ತು. ರಾತ್ರಿ ಸೇತುವೆಯ ಬಾಗಿಲು ಹಾಕುತ್ತಿದ್ದರು. ತಡವಾಗಿ ಬಂದವರು ಥೇಮ್ಸ್ ನದಿಯ ಈಚೆಗೇ ಉಳಿಯಬೇಕು, ಅಲ್ವಾ?

1836ರಲ್ಲಿ ಪಕ್ಕದಲ್ಲೇ ರೈಲು ಸ್ಟೇಷನ್ ಬಂತು. ಕುದುರೆಗಾಡಿಯ ಕಥೆ ಮುಗಿಯಿತು. ಆಮೇಲೆ ಜಾಗ ಗ್ರೇಟ್ ನಾರ್ದರ್ನ್ ರೈಲ್ವೆ ಕೈಗೆ ಹೋಯಿತು. ಅಂಗಳದ ಮೂರು ಬದಿಯೂ ಇದ್ದ ಬಾಲ್ಕನಿಗಳಲ್ಲಿ ಎರಡು ಬದಿಯನ್ನು ಅವರು ಗೋದಾಮಿಗಾಗಿ ಕೆಡವಿದರು. ನಾವು ಈಗ ನೋಡುವುದು ದಕ್ಷಿಣದ ಬದಿ ಮಾತ್ರ. ಅದನ್ನು 1937ರಲ್ಲಿ, ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟದ್ದೂ ರೈಲ್ವೆ ಕಂಪನಿಯೇ! ಫೋಟೋಗಿಂತ ಈ ಇಡೀ ಕಥೆಗಾಗಿಯೇ ನನಗೆ ಈ ಜಾಗ ಹಿಡಿಸಿತು.

ಒಳಗೆ ನೆಲ ಏರುಪೇರು, ಚಾವಣಿ ತಗ್ಗು. ವಯಸ್ಸಾದವರು ಜೊತೆಗಿದ್ದರೆ ನೋಡಿಕೊಂಡು ನಡೆಸಿ. ಬೀದಿಗೆ ಹತ್ತಿರದ ಬಾರ್ ಹಿಂದೆ ಗಾಡಿಗೆ ಕಾಯುವವರ ಕೋಣೆಯಾಗಿತ್ತು. ಅಲ್ಲಿ ಕೂತುಕೊಳ್ಳಿ.

ಸಸ್ಯಾಹಾರಿಗಳಿಗೆ ಊಟಕ್ಕೆ ಮಾರ್ಕೆಟ್ಟೇ ವಾಸಿ. ಸೋಮವಾರ ಅದಕ್ಕೆ ರಜೆ, ಆ ದಿನ ಬೇಡ. ಕಾಲಲ್ಲಿ ಶಕ್ತಿ ಉಳಿದಿದ್ದರೆ ನದಿಯ ಇದೇ ದಂಡೆ ಹಿಡಿದು ಪಶ್ಚಿಮಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ನಡೆಯಿರಿ, ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪುತ್ಥಳಿ ಇದೆ.