ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ರಾತ್ರಿ ಟೆಂಟಿನ ವಾಸ

ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗಲಿರುವ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಒಂದೇ ದಿನ ಆರು ಊರು ತೋರಿಸುವುದಕ್ಕಿಂತ, ಒಂದೇ ಕಡೆ ಟೆಂಟು ಹಾಕಿ ಒಂದು ರಾತ್ರಿ ಉಳಿಸುವುದು ಎಷ್ಟೋ ಮೇಲು. ಹನ್ನೆರಡು ವರ್ಷದವರಿಗೆ ಸಾಹಸ ಎಂದರೆ ಬಂಡೆ ಹತ್ತಿಸಲೇಬೇಕು ಎಂದೇನಿಲ್ಲ. ತಾವೇ ನಿಲ್ಲಿಸಿದ ಟೆಂಟಿನಲ್ಲಿ ಮಲಗುವುದು, ತಾವೇ ಮಾಡಿದ ಅಡುಗೆ ಉಣ್ಣುವುದು ಅವರಿಗೆ ದೊಡ್ಡ ಸಾಹಸವೇ. ಹಾಗಾಗಿ ಕೆಲಸವೆಲ್ಲ ಮಕ್ಕಳಿಗೇ ಬಿಡಬೇಕು. ನೀರು, ಬೆಂಕಿ, ತಲೆ ಎಣಿಕೆ, ಈ ಮೂರು ಮಾತ್ರ ದೊಡ್ಡವರ ಕೈಯಲ್ಲಿರಲಿ.

ಸಾಗರ ತಾಲ್ಲೂಕಿನ ಹೊನ್ನೆಮರಡು ಇದಕ್ಕೆ ಹೇಳಿ ಮಾಡಿಸಿದಂಥ ಜಾಗ. ಲಿಂಗನಮಕ್ಕಿ ಹಿನ್ನೀರಿನ ದಡ, ಜೋಗ ಹತ್ತಿರ, ತಾಳಗುಪ್ಪದವರೆಗೆ ರೈಲಿದೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲಿನಲ್ಲಿ ಹೋಗೋಣ ಎನ್ನುವವರೇ ಹೆಚ್ಚು. ಆದರೆ ಆಗ ಬಿಸಿಲು ಜೋರು, ಕಾಡು ಒಣಗಿ ಬೆಂಕಿಯ ಭಯ, ಸಂಜೆ ಗುಡುಗು ಸಿಡಿಲು. ಹಿನ್ನೀರೂ ದೂರ ಸರಿದು ದಡವೆಲ್ಲ ಕಾಲು ಹೂಳುವ ಕೆಸರಾಗಿರುತ್ತದೆ. ಡಿಸೆಂಬರಿನಲ್ಲೇ ಹೋಗಿ. ಮಳೆಗಾಲದ ಉಂಬಳದ (ಜಿಗಣೆಯ) ಕಾಟ ಇರುವುದಿಲ್ಲ, ನೀರು ದಡದ ಹತ್ತಿರವೇ ಇರುತ್ತದೆ. ಪೋಷಕರ ಒಪ್ಪಿಗೆ ಪತ್ರ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಜಾಗ ನೋಡಿಕೊಳ್ಳುವವರ ಒಪ್ಪಿಗೆ ಮೊದಲೇ ಕೈಯಲ್ಲಿರಲಿ.

ನಲವತ್ತು ಮಕ್ಕಳಿಗೆ ಹತ್ತು ಟೆಂಟು ಬೇಕು. ನಾಲ್ವರ ಟೆಂಟಿನ ನೆಲ ಸುಮಾರು 7 ಅಡಿಗೆ 7 ಅಡಿ; ನಾಲ್ಕು ಮಕ್ಕಳು ಚೀಲದ ಸಮೇತ ಹಿಡಿಸುತ್ತಾರೆ, ಐದನೆಯವರನ್ನು ತುರುಕಬೇಡಿ. ಹೋಗುವ ವಾರದ ಮೊದಲೇ ಶಾಲೆಯ ಮೈದಾನದಲ್ಲಿ ಎರಡು ಸಲ ಕಟ್ಟಿ ಬಿಚ್ಚಿಸಿ. ಟೆಂಟು ಎತ್ತಿ ನಿಲ್ಲಿಸುವ, ತುಂಡು ಜೋಡಿಸಿದ ಕಡ್ಡಿ ಕಳೆದದ್ದು, ಜಿಪ್ ಕಿತ್ತದ್ದು ಅಲ್ಲೇ ಗೊತ್ತಾಗಲಿ. ಕಡ್ಡಿಯನ್ನು ಬಟ್ಟೆಯ ತೋಳಿನೊಳಗೆ ತಳ್ಳಬೇಕು, ಆ ಕಡೆಯಿಂದ ಎಳೆಯಬಾರದು. ಎಳೆದರೆ ತುಂಡುಗಳು ಒಳಗೇ ಬಿಚ್ಚಿಕೊಳ್ಳುತ್ತವೆ, ಮಕ್ಕಳು ಜೋರು ಮಾಡಿ ಬಟ್ಟೆ ಹರಿಯುತ್ತಾರೆ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ. ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಯದಿದ್ದರೆ ಹೊಡೆದು ಬಗ್ಗಿಸುವ ಬದಲು ಹಗ್ಗವನ್ನು ದೊಡ್ಡ ಕಲ್ಲಿಗೆ ಬಿಗಿಯಿರಿ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ನೆಲಕ್ಕಿಂತ ಸುತ್ತ ಎರಡು ಇಂಚು ಒಳಗಿರಬೇಕು. ಹೊರಗೆ ಚಾಚಿದರೆ ಇಬ್ಬನಿಯ ನೀರು ಅದರ ಮೇಲೆ ಇಳಿದು ಅಡಿಗೆ ಸೇರುತ್ತದೆ.

ಚಳಿಗೆ ಹೆದರಿ ಮಕ್ಕಳು ಎಲ್ಲ ಜಿಪ್ಪನ್ನೂ ಎಳೆದುಕೊಳ್ಳುತ್ತಾರೆ. ನಾಲ್ವರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ, ಬೆಳಗಿನ ಹೊತ್ತಿಗೆ ಹೊದಿಕೆ ಒದ್ದೆ. ಟೆಂಟು ಸೋರಿತು ಎಂದುಕೊಳ್ಳುತ್ತಾರೆ, ಪಾಪ. ಸೊಳ್ಳೆಪರದೆ ಮುಚ್ಚಿ, ಮೇಲಿನ ಗಾಳಿಕಿಂಡಿ ತೆರೆದಿಡಲು ಹೇಳಿ. ಮೈ ನಡುಗಿಸುವ ಚಳಿ ಬರುವುದು ನೆಲದಿಂದ. ಎರಡು ಕಂಬಳಿ ಹೊದೆಯುವುದಕ್ಕಿಂತ ಒಂದನ್ನು ಚಾಪೆಯ ಮೇಲೆ ಹಾಸಿ ಒಂದನ್ನು ಹೊದೆಯುವುದು ಬೆಚ್ಚಗೆ.

ನೀರಿನ ಆಟ ಹಗಲಿನಲ್ಲಿ ಮಾತ್ರ, ತರಬೇತಾದವರ ಜೊತೆ ಮಾತ್ರ. ಹಿನ್ನೀರಿನಡಿ ಮುಳುಗಿದ ಮರದ ಬೊಡ್ಡೆಗಳಿವೆ, ನೆಲ ಎಲ್ಲಿ ಥಟ್ಟನೆ ಇಳಿಯುತ್ತದೆ ಎಂದು ದಡದಿಂದ ಕಾಣುವುದಿಲ್ಲ. ಲೈಫ್ ಜಾಕೆಟ್ ತೊಡಿಸಿ, ಬಕಲ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ಅದು ಆ ಮಗುವಿನ ಅಳತೆಯದಲ್ಲ. ಮೂವತ್ತು ಕೆಜಿಯ ಹುಡುಗಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಲ್ಲಿ ಜಾಕೆಟ್ ತೇಲುತ್ತದೆ, ಹುಡುಗಿ ಅದರೊಳಗಿಂದ ಜಾರುತ್ತಾಳೆ. ಇದರಲ್ಲಿ ರಾಜಿ ಬೇಡವೇ ಬೇಡ.

ಅಡುಗೆಗೆ ಎರಡು ಟೆಂಟಿಗೊಂದರಂತೆ ಐದು ಒಲೆ, ಒಲೆಗೊಬ್ಬ ದೊಡ್ಡವರು. ಬೆಂಕಿ ಹಾಕಲು ಬಿಡುವ ಜಾಗದಲ್ಲೇ ಹಾಕಿ. ರಾತ್ರಿಗೆ ಉಪ್ಪಿಟ್ಟೇ ಸರಿ: ಬೇಗ ಆಗುತ್ತದೆ, ಎಲ್ಲರಿಗೂ ಕೆಲಸ ಸಿಗುತ್ತದೆ. ಎಂಟು ಮಕ್ಕಳಿಗೂ ಒಬ್ಬ ಮೇಷ್ಟರಿಗೂ ಮುಕ್ಕಾಲು ಕೆಜಿ ರವೆ. ಅದನ್ನು ಮನೆಯಲ್ಲೇ ಹುರಿದು ತನ್ನಿ. ಅಳತೆ ಒಂದು ಲೋಟ ರವೆಗೆ ಮೂರು ಲೋಟ ನೀರು. ಪಾತ್ರೆಯ ಹೊರಮೈಗೆ ತೆಳುವಾಗಿ ಕೆಸರು ಬಳಿದು ಒಲೆಗಿಟ್ಟರೆ ಮಸಿ ಸಲೀಸಾಗಿ ತೊಳೆದುಹೋಗುತ್ತದೆ. ನೀರು ಕುದಿ ಬಂದ ಕೂಡಲೇ ಎರಡು ಕೊಳ್ಳಿ ಹೊರಗೆಳೆದು ಉರಿ ತಗ್ಗಿಸಿ, ಆಮೇಲೆ ರವೆ. ಒಬ್ಬರು ಸಣ್ಣಗೆ ಸುರಿಯಬೇಕು, ಇನ್ನೊಬ್ಬರು ಸೌಟು ನಿಲ್ಲಿಸದೆ ತಿರುವಬೇಕು. ಒಮ್ಮೆಗೇ ಸುರಿದರೆ ಗಂಟು, ಉರಿ ತಗ್ಗಿಸದಿದ್ದರೆ ತಳ ಸೀಯುವುದು ಖಂಡಿತ. ಕುಡಿಯುವ ನೀರು ತಲೆಗೆ ದಿನಕ್ಕೆ ಮೂರು ಲೀಟರ್, ಕುದಿಸಿ ಆರಿಸಿದ್ದು.

ಶೌಚಾಲಯ ಇಲ್ಲದ ಕಡೆ ನೀರಿನಿಂದ 200 ಅಡಿ ದೂರದಲ್ಲಿ, ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ, ಒಂದೂವರೆ ಅಡಿ ಆಳದ ಕಾಲುವೆ ತೋಡಿ ಪರದೆ ಕಟ್ಟಿ. ಬಳಸಿದವರು ಮಣ್ಣು ಮುಚ್ಚಬೇಕು. ಪ್ಯಾಡು, ಹಳೆಯ ಪೇಪರು ಮೇಡಂ ಹತ್ತಿರ ಇವೆ ಎಂದು ಹೊರಡುವ ಮುನ್ನವೇ ಹುಡುಗಿಯರಿಗೆ ಗೊತ್ತಿರಲಿ. ಆ ವಯಸ್ಸಿನಲ್ಲಿ ಮೊದಲ ಸಲ ಮುಟ್ಟಾಗುವುದು ಅಲ್ಲೇ ಆಗಬಹುದು, ಕೇಳಲು ನಾಚಿ ರಾತ್ರಿಯಿಡೀ ಒದ್ದಾಡಬಾರದು.

ಕತ್ತಲಾದ ಮೇಲೆ ಟಾರ್ಚಿಲ್ಲದೆ, ಜೊತೆಯಿಲ್ಲದೆ ಯಾರೂ ಹೊರಗೆ ಕಾಲಿಡಬಾರದು. ಶೂ ಟೆಂಟಿನೊಳಗೇ ಇರಲಿ, ಬೆಳಿಗ್ಗೆ ಕೊಡವಿಯೇ ಹಾಕಲಿ; ಚೇಳು ಕೂರುವುದು ಅಂಥ ಕಡೆಯೇ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಆ ಅಂಗ ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ. ಸಿಗ್ನಲ್ ನಂಬಿ 108ಕ್ಕೆ ಕಾಯುತ್ತ ಕೂರುವಂತಾಗಬಾರದು, ಚಾಲಕನ ಸಮೇತ ಒಂದು ಗಾಡಿ ಬೆಳಗಿನವರೆಗೆ ಅಲ್ಲೇ ನಿಂತಿರಲಿ.

ಮರುದಿನ ಟೆಂಟು ಬಿಚ್ಚುವಾಗ ಇಬ್ಬನಿಯಲ್ಲಿ ನೆನೆದೇ ಇರುತ್ತದೆ. ಊರು ಸೇರಿದ ದಿನವೇ ಶಾಲೆಯ ಅಂಗಳದಲ್ಲಿ ಹರವಿ ಒಣಗಿಸಿ ಮಡಿಸಿ. ಒದ್ದೆಯಾಗಿಯೇ ಚೀಲದೊಳಗೆ ಬಿಟ್ಟರೆ ಬೂಷ್ಟು ಹಿಡಿದು, ಮುಂದಿನ ವರ್ಷದ ಏಳನೇ ಕ್ಲಾಸಿಗೆ ಟೆಂಟು ಉಳಿಯುವುದಿಲ್ಲ.