ರೇವಾ ಹುಟ್ಟಿದ ಊರಲ್ಲಿ

ಬೆಂಗಳೂರಲ್ಲಿ ಈಗ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರುಗಳು ಜಾಸ್ತಿ ಕಾಣುತ್ತಿವೆ. ನೋಡಿದಾಗಲೆಲ್ಲ ನನಗೆ ರೇವಾ ನೆನಪಾಗುತ್ತದೆ. 2001ರಲ್ಲೇ ಇದೇ ಊರಲ್ಲಿ ತಯಾರಾಗಿ ರಸ್ತೆಗಿಳಿದ ಪುಟ್ಟ ಎಲೆಕ್ಟ್ರಿಕ್ ಕಾರು. ಆಗ ಕೊಂಡವರು ಕಡಿಮೆ. ಆದರೂ ದಾರಿ ತೋರಿಸಿದ್ದು ಅದೇ ಅಲ್ವಾ?

ನಮ್ಮ ಮನೆಯಲ್ಲಿ ಇನ್ನೂ ಪೆಟ್ರೋಲ್ ಕಾರೇ ಇದೆ. ಮುಂದಿನದು ಎಲೆಕ್ಟ್ರಿಕ್ ಅಂತ ಮನಸ್ಸು ಮಾಡಿದ್ದೇನೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಸಿಗ್ನಲ್ಲಲ್ಲಿ ನಿಂತಾಗ ಸುಮ್ನೆ ಪೆಟ್ರೋಲ್ ಉರಿಯುವುದೂ ಇಲ್ಲ. ವೇಗ ಇಳಿಸಿದಾಗ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ.

ನನಗಿರುವ ಚಿಂತೆ ನಮ್ಮ ಏರಿಯಾದ ಗ್ಯಾರೇಜ್ ಹುಡುಗರದು. ಆಯಿಲ್ ಬದಲಿಸುವುದು, ಕ್ಲಚ್ ಪ್ಲೇಟ್ ಹಾಕುವುದು, ಇದೇ ಅವರ ಅನ್ನ. ಹೈ ವೋಲ್ಟೇಜ್ ಬ್ಯಾಟರಿ ಕೆಲಸ ಅವರಿಗೂ ಕಲಿಸಬೇಕು. ಐಟಿಐಗಳಲ್ಲಿ ಸಂಜೆ ಹೊತ್ತು ತರಗತಿ ಇಟ್ಟರೆ ಖಂಡಿತ ಬರುತ್ತಾರೆ.